ವ್ಯಾನಿನಲ್ಲಿ ಇನ್ಸುಲಿನ್ ಇಡಬೇಕು, ಪಕ್ಕದಲ್ಲೇ ಮಲಗಬೇಕು. ಯಾವ ಫ್ರಿಜ್ ಸುರಕ್ಷಿತ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ 29 ವರ್ಷ ಗಣಿತ ಕಲಿಸಿ ಹೋದ ವರ್ಷ ನಿವೃತ್ತಳಾದೆ. ಬಂದ ದುಡ್ಡಿನಲ್ಲಿ ಒಂದು ಪಾಲು ಹಾಕಿ ನಾನೂ ನಮ್ಮ ಯಜಮಾನರೂ ಒಂದು ಹಳೇ ಟೆಂಪೋ ಟ್ರಾವೆಲರ್ ತಗೊಂಡಿದ್ದೇವೆ. ಹಿಂದಿನ ಸೀಟು ತೆಗೆದು ಮಲಗುವ ಜಾಗ, ಚಿಕ್ಕ ಅಡುಗೆಕಟ್ಟೆ ಮಾಡಿಸುತ್ತಿದ್ದೇವೆ. ಆರ್‌ಟಿಓ ಕಾಗದದ ಕೆಲಸ, ಇನ್ಶೂರೆನ್ಸ್ ಕೆಲಸ ಬೇರೆ ನಡೆಯುತ್ತಿದೆ. ಅದನ್ನು ಇಲ್ಲಿ ಕೇಳುವುದಿಲ್ಲ. ನನ್ನ ತಲೆಬಿಸಿ ಫ್ರಿಜ್‌ನದು.

ಯಜಮಾನರಿಗೆ ಸಕ್ಕರೆ ಕಾಯಿಲೆ. ಆರು ವರ್ಷದಿಂದ ಇನ್ಸುಲಿನ್ ತಗೊಳ್ಳುತ್ತಿದ್ದಾರೆ. ಡಬ್ಬದ ಮೇಲೆ 2ರಿಂದ 8 ಡಿಗ್ರಿಯಲ್ಲಿ ಇಡಿ ಎಂದು ಬರೆದಿದೆ. ಇಷ್ಟು ದಿನ ಎಲ್ಲಿಗೆ ಹೋದರೂ ಎರಡೇ ದಿನ. ಥರ್ಮಾಸ್‌ನಲ್ಲಿ ಐಸ್ ಹಾಕಿ ಸುಧಾರಿಸುತ್ತಿದ್ದೆವು. ಇನ್ನು ಹಾಗಲ್ಲ. ಮೊದಲ ಪ್ರಯಾಣ ಆಗುಂಬೆ ಘಾಟಿ ಇಳಿದು ಕುಂದಾಪುರದ ನಾದಿನಿ ಮನೆಗೆ, ಅಲ್ಲಿಂದ ಸಮುದ್ರದ ದಂಡೆ ಹಿಡಿದು ಕಾರವಾರದವರೆಗೆ. ಆಮೇಲೆ ಹಂಪಿ, ಬಾದಾಮಿ. ಒಮ್ಮೆ ಹೊರಟರೆ ಹದಿನೈದು ದಿನ ಮನೆಗೆ ಬರುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ಕೇಳಿದವರೆಲ್ಲ ಒಂದೊಂದು ಹೇಳುತ್ತಿದ್ದಾರೆ. ಎಲೆಕ್ಟ್ರಿಷಿಯನ್ ಹೇಳುವುದು, ಮನೆಯಲ್ಲಿ ಇಡುವ ಸಣ್ಣ 45 ಲೀಟರ್ ಫ್ರಿಜ್ ತನ್ನಿ, ಇನ್ವರ್ಟರ್ ಹಾಕಿಕೊಡುತ್ತೇನೆ ಎಂದು. ಮಗನ ಸ್ನೇಹಿತ ಹೇಳುವುದು, ಕಾರಿನ ಸಾಕೆಟ್‌ಗೆ ಹಾಕುವ ಪೆಟ್ಟಿಗೆ ಹತ್ತು ಸಾವಿರದೊಳಗೆ ಬರುತ್ತದೆ, ಸಾಕು ಎಂದು. ಬಾಡಿ ಕಟ್ಟುವವರು ಗ್ಯಾಸಿನಲ್ಲಿ ನಡೆಯುವ ಫ್ರಿಜ್ ತರಿಸಿಕೊಡುತ್ತೇನೆ, ಬ್ಯಾಟರಿ ಚಿಂತೆಯೇ ಇಲ್ಲ ಎನ್ನುತ್ತಾರೆ. ನಾನೇ ಹುಡುಕಿದಾಗ 12 ವೋಲ್ಟಿನ ಕಂಪ್ರೆಸರ್ ಪೆಟ್ಟಿಗೆಗಳು ಕಂಡವು. ಬೆಲೆ ಜಾಸ್ತಿ. ಅದರ ಲೇಬಲ್ ನೋಡಿದರೆ ಆರ್600ಎ ಎಂದಿದೆ, ಪಕ್ಕದಲ್ಲಿ ಹಳದಿ ತ್ರಿಕೋನದೊಳಗೆ ಬೆಂಕಿಯ ಚಿತ್ರ. ಅದನ್ನು ನೋಡಿದ ಮೇಲೆ ಕೈ ಹಿಂದೆ ಬಂತು.

ಫ್ರಿಜ್ ಕೂರುವ ಜಾಗಕ್ಕೂ ನಮ್ಮ ದಿಂಬಿಗೂ ಒಂದೂವರೆ ಮೊಳ ಅಂತರ. ಮಳೆಗಾಲದಲ್ಲಿ ಕಿಟಕಿ ಹಾಕಿಕೊಂಡೇ ಮಲಗಬೇಕು. ದುಡ್ಡು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ರಾತ್ರಿ ನಿಶ್ಚಿಂತೆಯಾಗಿ ನಿದ್ದೆ ಮಾಡುವಂಥದ್ದು ಯಾವುದು, ಬಳಸಿದವರು ದಯವಿಟ್ಟು ಹೇಳಿ.

ಈಕೋ ಪಯಣ, ಹಾಸನ

ಮೇಡಂ, ಆ ಹತ್ತು ಸಾವಿರದೊಳಗಿನ ಪೆಟ್ಟಿಗೆ ಮಾತ್ರ ಬೇಡ. ನನ್ನ ಈಕೋದಲ್ಲಿ ಎರಡು ವರ್ಷ ಇಟ್ಟುಕೊಂಡಿದ್ದೆ. ಅದರಲ್ಲಿ ಕಂಪ್ರೆಸರ್ ಇರುವುದಿಲ್ಲ, ಪೆಲ್ಟಿಯರ್ ಎನ್ನುವ ಒಂದು ಚಿಪ್ಪು ಇರುತ್ತದೆ. ಹೊರಗೆ ಎಷ್ಟು ಬಿಸಿ ಇದೆಯೋ ಅದಕ್ಕಿಂತ 15ರಿಂದ 20 ಡಿಗ್ರಿ ಕಡಿಮೆ ಮಾಡುವುದಷ್ಟೇ ಅದರ ಕೈಲಾಗುವುದು. ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಹೋಗಿದ್ದೆವು. ಗೋಲಗುಮ್ಮಟ ನೋಡಿ ಗಾಡಿಗೆ ಬಂದಾಗ ಒಳಗಿನ ಥರ್ಮಾಮೀಟರ್ 23 ತೋರಿಸುತ್ತಿತ್ತು. ಮಗುವಿಗೆ ಇಟ್ಟಿದ್ದ ಹಾಲು ಒಡೆದಿತ್ತು.

ಸಾಲದ್ದಕ್ಕೆ ಅದು ನಿಲ್ಲುವುದೇ ಇಲ್ಲ. ದಿನವಿಡೀ 4-5 ಆಂಪಿಯರ್ ಎಳೆಯುತ್ತಲೇ ಇರುತ್ತದೆ. ಇನ್ಸುಲಿನ್‌ಗೆ ಇದನ್ನು ನಂಬಬೇಡಿ.

ಮಲ್ಪೆ ಮೆಕ್ಯಾನಿಕ್

ಅಕ್ಕಾ, ನಾನು ಮಲ್ಪೆಯವನು. 26 ವರ್ಷದಿಂದ ತಂಪು ಮಾಡುವ ಯಂತ್ರಗಳದ್ದೇ ಕೆಲಸ. ಬಂದರಿನ ಐಸ್ ಪ್ಲಾಂಟ್, ಐಸ್‌ಕ್ರೀಮ್ ಗಾಡಿ, ಅಂಗಡಿಯ ಡೀಪ್ ಫ್ರೀಜರ್, ಮನೆ ಫ್ರಿಜ್, ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದೇನೆ. ನಾಲ್ಕು ವರ್ಷದ ಹಿಂದೆ ನನ್ನ ಓಮ್ನಿಯಲ್ಲೂ ಮಲಗುವ ವ್ಯವಸ್ಥೆ ಮಾಡಿಕೊಂಡು ಒಂದು 12 ವೋಲ್ಟಿನ ಕಂಪ್ರೆಸರ್ ಪೆಟ್ಟಿಗೆ ಇಟ್ಟೆ. ನೀವೂ ಅದನ್ನೇ ತಗೊಳ್ಳಿ. ಆದರೆ ಯಾವ ಪೆಟ್ಟಿಗೆ ಎನ್ನುವುದಕ್ಕಿಂತ ಅದನ್ನು ಹೇಗೆ ಕೂರಿಸುತ್ತೀರಿ ಎನ್ನುವುದರ ಮೇಲೆ ನಿಮ್ಮ ನಿದ್ದೆ ನಿಂತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ಬೆಂಕಿಯ ಚಿತ್ರದ ವಿಷಯ. ಆರ್600ಎ ಎಂದರೆ ಐಸೋಬ್ಯೂಟೇನ್, ತಂಪು ಮಾಡಲು ಕೊಳವೆಯೊಳಗೆ ತುಂಬಿರುವ ಗ್ಯಾಸು. ಅಡುಗೆ ಗ್ಯಾಸಿನ ಅಣ್ಣತಮ್ಮ. ಉರಿಯುತ್ತದೆ, ಅದು ನಿಜ. ನಿಮ್ಮ ಮನೆಯ ಫ್ರಿಜ್ ಈಚಿನದಾಗಿದ್ದರೆ ಅದರ ಹಿಂದಿನ ಲೇಬಲ್ ನೋಡಿ, ಅಲ್ಲೂ ಇದೇ ಹೆಸರು ಇರುವ ಸಾಧ್ಯತೆ ಜಾಸ್ತಿ. ಮುಖ್ಯವಾದದ್ದು ಎಷ್ಟು ಗ್ರಾಂ ಎನ್ನುವುದು. ಅದನ್ನೂ ಲೇಬಲ್‌ನಲ್ಲಿ ಬರೆದಿರುತ್ತಾರೆ. ಇಂಥ ಚಿಕ್ಕ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 20ರಿಂದ 50 ಗ್ರಾಂ. ನೀವು ಗಣಿತದವರು, ಲೆಕ್ಕ ಹಾಕಿ ನೋಡಿ. 40 ಗ್ರಾಂ ಪೂರ್ತಿ ಸೋರಿದರೆ ಸುಮಾರು 16 ಲೀಟರ್ ಗ್ಯಾಸ್ ಆಗುತ್ತದೆ. ಗಾಳಿಯಲ್ಲಿ ಅದರ ಪಾಲು ಸುಮಾರು ಶೇ. 1.8 ದಾಟಿದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಅಂದರೆ 16 ಲೀಟರ್ ಗ್ಯಾಸು ಸುಮಾರು 890 ಲೀಟರ್ ಗಾಳಿಯನ್ನು ಮಾತ್ರ ಕೆಡಿಸಬಲ್ಲದು. ನಿಮ್ಮ ಟ್ರಾವೆಲರ್ ಒಳಗೆ ಹತ್ತು ಸಾವಿರ ಲೀಟರ್ ಗಾಳಿ ಇದೆ. ಇನ್ನು ಮನೆಯ ಸಿಲಿಂಡರಿನಲ್ಲಿ ಇರುವುದು 14.2 ಕೆ.ಜಿ. ಈ 40 ಗ್ರಾಂನ 355 ಪಟ್ಟು.

ಹಾಗಂತ ಮೈಮರೆಯುವ ಹಾಗಿಲ್ಲ. ಈ ಗ್ಯಾಸು ಗಾಳಿಗಿಂತ ಎರಡು ಪಟ್ಟು ಭಾರ. ಸೋರಿದರೆ ನೆಲದ ಮೇಲೆ ಹರಡಿಕೊಂಡು ಕೂರುತ್ತದೆ. ನಮ್ಮ ಕಡೆ ಮಾಡುವ ತಪ್ಪೇನೆಂದರೆ, ಚೆಂದ ಕಾಣಲಿ ಎಂದು ಫ್ರಿಜ್‌ಗೆ ಅಳತೆ ತೆಗೆದು ಪ್ಲೈವುಡ್ ಗೂಡು ಮಾಡಿಸುತ್ತಾರೆ. ಅದೇ ಗೂಡಿನೊಳಗೆ ಸ್ವಿಚ್ಚು, ಇನ್ವರ್ಟರು, ರಿಲೇ ಎಲ್ಲವನ್ನೂ ತುರುಕುತ್ತಾರೆ. 200 ಲೀಟರಿನ ಗೂಡಿನಲ್ಲಿ ಅದೇ 16 ಲೀಟರ್ ಸೋರಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ ಅಲ್ವಾ? ಅದಕ್ಕೆ ಗೂಡಿನ ಮುಂಭಾಗ ತೆರೆದೇ ಇರಲಿ. ಕೆಳಗೆ ನೆಲದ ಮಟ್ಟದಲ್ಲಿ ಒಂದು ಜಾಲರಿ ಬಿಡಿಸಿ, ಮೇಲೊಂದು ಬಿಡಿಸಿ. ಕಿಡಿ ಹಾರುವ ಸಾಮಾನು ಯಾವುದೂ ಆ ಜಾಗದ ತಳದಲ್ಲಿ ಬೇಡ. ಪೆಟ್ಟಿಗೆಯ ಕಂಪ್ರೆಸರ್ ಕಡೆಯ ಜಾಲರಿಗೆ ನಾಲ್ಕು ಬೆರಳಗಲವಾದರೂ ಗಾಳಿ ಆಡಬೇಕು. ಹೊದಿಕೆ, ಬೆಡ್‌ಶೀಟ್ ಅಲ್ಲಿ ಒತ್ತರಿಸಬೇಡಿ. ಬಿಸಿ ಹೊರಗೆ ಹೋಗದಿದ್ದರೆ ಯಂತ್ರ ನಿಲ್ಲದೆ ಓಡುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ.

ಆರ್134ಎ ಎನ್ನುವ ಇನ್ನೊಂದು ತಂಪು ಗ್ಯಾಸ್ ಇರುವ ಪೆಟ್ಟಿಗೆ ಸಿಕ್ಕರೆ ಅದು ಉರಿಯುವ ಗ್ಯಾಸಲ್ಲ, ನಿಮ್ಮ ಮನಸ್ಸಿಗೆ ಸಮಾಧಾನ ಆಗುವುದಾದರೆ ಅದನ್ನೇ ತಗೊಳ್ಳಿ. ಎರಡರಲ್ಲೂ ನನಗೆ ಭಯ ಇರುವುದು ರಿಪೇರಿಯದ್ದು. 134ಎ ಪೆಟ್ಟಿಗೆ ತಂಪಾಗುವುದು ನಿಂತಾಗ, ಬೇರೆ ಗ್ಯಾಸ್ ಕೈಯಲ್ಲಿಲ್ಲ ಎಂದು ಅಡುಗೆ ಗ್ಯಾಸ್ ತುಂಬಿಸಿ ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ನನ್ನ ಕೈಗೆ ಬಂದಾಗ ವಾಲ್ವ್ ಒತ್ತಿದ ಕೂಡಲೇ ಆ ವಾಸನೆ. ಮಾಲೀಕರಿಗೆ ಏನೂ ಗೊತ್ತಿರಲಿಲ್ಲ. ಎಂಟು ತಿಂಗಳು ಅದರ ಪಕ್ಕದಲ್ಲೇ ಮಕ್ಕಳನ್ನು ಮಲಗಿಸಿದ್ದರು. ಲೇಬಲ್‌ನಲ್ಲಿ ಬರೆದ ಗ್ಯಾಸು, ಬರೆದಷ್ಟೇ ಗ್ರಾಂ. ತಕ್ಕಡಿಯಲ್ಲಿ ತೂಗಿ ತುಂಬುವವರ ಹತ್ತಿರ ಮಾತ್ರ ಕೊಡಿ. ಲೇಬಲ್‌ನಲ್ಲಿ ಗ್ಯಾಸಿನ ಹೆಸರು, ತೂಕ ಎರಡೂ ಇಲ್ಲದ ಪೆಟ್ಟಿಗೆಯನ್ನು ಎಷ್ಟೇ ಅಗ್ಗ ಆದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಈಗ ನಿಜವಾದ ಬೆಂಕಿಯ ವಿಷಯಕ್ಕೆ ಬರುತ್ತೇನೆ. ವ್ಯಾನಿನಲ್ಲಿ ಅದು ಶುರುವಾಗುವುದು ಹೆಚ್ಚಾಗಿ ವಯರಿನಲ್ಲಿ. ನನಗೇ ಆಗಿದೆ.

ಮೊದಲ ವರ್ಷ ನಾನೂ ಎಲ್ಲರ ಹಾಗೆ ಪೆಟ್ಟಿಗೆಯ ಜೊತೆ ಬಂದ ಪಿನ್ನನ್ನು ಗಾಡಿಯ ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕಿಕೊಂಡಿದ್ದೆ. ಜುಲೈ ತಿಂಗಳು, ಆಗುಂಬೆ ಘಾಟಿಯ ಬುಡದ ಸೋಮೇಶ್ವರದಲ್ಲಿ ರಾತ್ರಿ ಉಳಿದಿದ್ದೆವು. ಮಳೆ ಧೋ ಎಂದು ಸುರಿಯುತ್ತಿತ್ತು, ಗಾಜು ಏರಿಸಿ ಮಲಗಿದ್ದೆವು. ಹೆಂಡತಿ ಎಬ್ಬಿಸಿ, ಏನೋ ಸುಟ್ಟ ವಾಸನೆ ಬರುತ್ತಿದೆ ಎಂದಳು. ಪ್ಲಾಸ್ಟಿಕ್ ಬಳೆ ಒಲೆಗೆ ಬಿದ್ದ ಹಾಗೆ ಒಂದು ವಾಸನೆ. ಟಾರ್ಚ್ ಹಾಕಿ ಪಿನ್ನು ಹಿಡಿದರೆ ಮೆತ್ತಗಾಗಿತ್ತು. ಎಳೆದಾಗ ನನ್ನ ಹೆಬ್ಬೆಟ್ಟಿನ ಗುರುತು ಅದರ ಮೇಲೆ ಉಳಿಯಿತು. ತುದಿಯ ಹಿತ್ತಾಳೆ ಗುಬುಟು ಕಂದು ಬಣ್ಣಕ್ಕೆ ತಿರುಗಿ, ಅದರ ಸ್ಪ್ರಿಂಗ್ ಒಳಗೇ ಕುಸಿದಿತ್ತು. ಸಾಕೆಟ್ಟಿನ ಸುತ್ತ ಡ್ಯಾಶ್‌ಬೋರ್ಡ್ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಉಬ್ಬಿತ್ತು. ಹೆಂಡತಿಗೆ ಎಚ್ಚರ ಆಗದಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಎದೆ ಝಲ್ ಎನ್ನುತ್ತದೆ.

ಫ್ಯೂಸ್ ಸುಟ್ಟಿರಲಿಲ್ಲ, ಅದನ್ನು ಗಮನಿಸಿ. ಸುಡುವುದೂ ಇಲ್ಲ. ಪೆಟ್ಟಿಗೆ ಎಳೆಯುತ್ತಿದ್ದದ್ದು ಬರೀ 5 ಆಂಪಿಯರ್. ಘಾಟಿಯ ಕುಲುಕಾಟಕ್ಕೆ ಪಿನ್ನು ಸಡಿಲವಾಗಿ, ತಾಗುವ ಜಾಗದಲ್ಲಿ ಅರ್ಧ ಓಮ್ ತಡೆ ಬಂದರೂ ಸಾಕು, ಆ ಒಂದು ಬಿಂದುವಿನಲ್ಲಿ 12 ವಾಟ್‌ಗೂ ಮೇಲೆ ಬಿಸಿ ಹುಟ್ಟುತ್ತದೆ. ಸಣ್ಣ ಬೆಸುಗೆ ಕಡ್ಡಿಯಷ್ಟು ಬಿಸಿ. ಫ್ಯೂಸ್ ಕಾಯುವುದು ವಯರನ್ನು. ಸಡಿಲ ಕೀಲನ್ನು ಅದು ಕಾಯುವುದಿಲ್ಲ.

ಆಮೇಲೆ ನಾನು ಮಾಡಿದ್ದು ಇಷ್ಟು. ಬ್ಯಾಟರಿಯಿಂದ ನೇರ ಬೇರೆ ಲೈನ್. 6 ಚದರ ಮಿ.ಮೀ. ತಾಮ್ರ, ಎಳೆ ಎಳೆಯಾಗಿರುವ ಮೆತ್ತನೆ ವಯರ್. ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ, 15 ಆಂಪಿಯರ್ ಫ್ಯೂಸ್. ಕೊನೆಗೆ ಆಂಡರ್ಸನ್ ಪ್ಲಗ್. ಅದು ಎರಡು ಕಡೆಯಿಂದ ಕಚ್ಚಿ ಹಿಡಿಯುತ್ತದೆ, ಕುಲುಕಿದರೆ ಸಡಿಲಾಗುವುದಿಲ್ಲ. ವಯರಿನ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಕಚ್ಚಿಸಿ. ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಜಾಗದಲ್ಲಿ ವಯರು ಗಟ್ಟಿಯಾಗಿ ಅದುರಾಟಕ್ಕೆ ಮುರಿಯುತ್ತದೆ. ಕಬ್ಬಿಣದ ತಗಡಿನಲ್ಲಿ ವಯರು ದಾಟುವ ಪ್ರತಿಯೊಂದು ತೂತಿಗೂ ರಬ್ಬರ್ ಬಳೆ ಇರಲೇಬೇಕು. ಕರಾವಳಿಗೆ ಬರುವವರು ತವರ ಲೇಪಿಸಿದ ತಾಮ್ರದ ವಯರು ಸಿಕ್ಕರೆ ಅದನ್ನೇ ಹಾಕಿಸಿ. ನಮ್ಮ ಉಪ್ಪು ಗಾಳಿಗೆ ಬರೀ ತಾಮ್ರ ಎರಡೇ ವರ್ಷದಲ್ಲಿ ಹಸಿರು ಹಿಡಿಯುತ್ತದೆ.

ಎಲೆಕ್ಟ್ರಿಷಿಯನ್ ಹೇಳಿದ ಮನೆ ಫ್ರಿಜ್ ಬೇಡ. ಅದರ ಕಂಪ್ರೆಸರ್ ಮನೆಯ ನೆಲದ ಮೇಲೆ ನಿಲ್ಲಲು ಮಾಡಿದ್ದು. ಶುರುವಾಗುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಕೇಳುತ್ತದೆ, ಅದಕ್ಕೆ ದೊಡ್ಡ ಇನ್ವರ್ಟರ್ ಬೇಕು. ಅದಕ್ಕಿಂತ ಹೆಚ್ಚಾಗಿ, ಒದ್ದೆ ಕಾಲಿನಲ್ಲಿ ಹತ್ತಿ ಇಳಿಯುವ ಕಬ್ಬಿಣದ ಗಾಡಿಯೊಳಗೆ ಇಡೀ ರಾತ್ರಿ 230 ವೋಲ್ಟ್ ಯಾಕೆ ಬೇಕು?

ತುಂಗಾತೀರ, ಶಿವಮೊಗ್ಗ

ಅಣ್ಣ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಆ ಹೆಬ್ಬೆಟ್ಟಿನ ಗುರುತಿನ ಮಾತು ಓದಿ ನಮ್ಮ ಯಜಮಾನರು ಹೋಗಿ ಗಾಡಿಯ ಲೈಟರ್ ಸಾಕೆಟ್ಟಿನ ವಯರನ್ನೇ ಕಿತ್ತು ಬಂದರು.

ಮನೆ ಫ್ರಿಜ್ಜಿನ ಲೇಬಲ್ ನೋಡಿದೆ. ಹೌದು, ಆರ್600ಎ, 38 ಗ್ರಾಂ. ಇಷ್ಟು ವರ್ಷ ಅಡುಗೆಮನೆಯಲ್ಲೇ ಇದೆ.

ಲೆಕ್ಕವೂ ಹಾಕಿದೆ. 45 ವಾಟಿನ ಪೆಟ್ಟಿಗೆ ದಿನದ ಅರ್ಧ ಹೊತ್ತು ಓಡುತ್ತದೆ ಎಂದುಕೊಂಡರೆ ದಿನಕ್ಕೆ 540 ವಾಟ್ ಅವರ್. 12.8 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ 1280. ಅಂದರೆ ಬಿಸಿಲೇ ಇಲ್ಲದಿದ್ದರೂ ಎರಡು ದಿನಕ್ಕೆ ಮೇಲೆ ಬರಬೇಕು. ಸರಿ ತಾನೇ? ಎಲೆಕ್ಟ್ರಿಷಿಯನ್ ಮಾತ್ರ 2.5 ವಯರು ಧಾರಾಳ ಸಾಕು, 6 ಯಾಕೆ ಎಂದು ಕೇಳುತ್ತಿದ್ದಾರೆ. ಬ್ಯಾಟರಿಯಿಂದ ಫ್ರಿಜ್‌ಗೆ 5 ಮೀಟರ್ ದೂರ. ಮನೆಯಲ್ಲಿ ಒಂದು 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ (ಇನ್ವರ್ಟರಿಗೆ ಹಾಕುವ ಆಸಿಡ್ ಬ್ಯಾಟರಿ) ಸುಮ್ನೆ ಕೂತಿದೆ, ಅದನ್ನೇ ಹಾಸಿಗೆ ಕೆಳಗೆ ಇಡಬಹುದಲ್ಲ ಎಂದೂ ಹೇಳುತ್ತಾರೆ.

ಗ್ಯಾಸ್ ಫ್ರಿಜ್ ಬಗ್ಗೆ ಯಾರೂ ಹೇಳಲಿಲ್ಲ. ಬಾಡಿ ಕಟ್ಟುವವರು ದಿನಾ ಫೋನ್ ಮಾಡುತ್ತಿದ್ದಾರೆ.

ಧಾರವಾಡದವ, ಪರ್ತ್

ಗ್ಯಾಸ್ ಫ್ರಿಜ್ ಬಗ್ಗೆ ನಾನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದ್ದೇನೆ. ಇಲ್ಲಿ ಅರ್ಧ ಊರು ರಜೆ ಬಂದರೆ ವ್ಯಾನ್ ಹಿಡಿದು ಉತ್ತರಕ್ಕೆ ಹೊರಡುತ್ತದೆ. ನಾವು ಮೊದಲು ಕೊಂಡ ಹಳೇ ಕ್ಯಾರವಾನ್‌ನಲ್ಲಿ ಗ್ಯಾಸ್ ಫ್ರಿಜ್ಜೇ ಇತ್ತು.

ಅದರಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ಒಂದು ಮುಚ್ಚಿದ ಕೊಳವೆಯಲ್ಲಿ ಇರುತ್ತವೆ, ಕೆಳಗೆ ಒಂದು ಸಣ್ಣ ಜ್ವಾಲೆ ಹಗಲು ರಾತ್ರಿ ಉರಿಯುತ್ತಿರುತ್ತದೆ. ಗಾಡಿ ಕೆಲವೇ ಡಿಗ್ರಿ ವಾಲಿ ನಿಂತರೂ ಒಳಗಿನ ದ್ರವ ಸರಿಯಾಗಿ ಹರಿಯದೆ ತಂಪು ನಿಂತುಹೋಗುತ್ತದೆ. ಇಲ್ಲಿ ಅದನ್ನು ಕೂರಿಸಬೇಕೆಂದರೆ ಹೊರಗೋಡೆಗೆ ಮೇಲೊಂದು ಕೆಳಗೊಂದು ಕಿಂಡಿ ಕೊರೆದು, ಫ್ರಿಜ್ಜಿನ ಬೆನ್ನನ್ನು ಮಲಗುವ ಜಾಗದಿಂದ ಪೂರ್ತಿ ಬೇರೆ ಮಾಡಿ, ಲೈಸೆನ್ಸ್ ಇರುವ ಗ್ಯಾಸ್ ಫಿಟ್ಟರ್ ಬಂದು ಪರೀಕ್ಷಿಸಿ ಕಾಗದ ಕೊಡಬೇಕು. ಅದಕ್ಕೆಂದೇ ಎಎಸ್/ಎನ್‌ಝಡ್‌ಎಸ್ 5601.2 ಎನ್ನುವ ಮಾನದಂಡ ಇದೆ. ಇಷ್ಟೆಲ್ಲ ಯಾಕೆಂದರೆ ಆ ಜ್ವಾಲೆ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಎತ್ತಿಕೊಂಡು ಹೋಗುವ ಗ್ಯಾಸ್ ಪೆಟ್ಟಿಗೆಗಳೂ ಬರುತ್ತವೆ. ಅವನ್ನು ಗ್ಯಾಸಿನಲ್ಲಿ ನಡೆಸುವುದು ಬಯಲಿನಲ್ಲಿ ಮಾತ್ರ, ಗಾಡಿಯೊಳಗೆ ಎಂದಿಗೂ ಅಲ್ಲ. ಮೇಡಂ, ಕಿಟಕಿ ಹಾಕಿ ಮಲಗುವ ವ್ಯಾನಿಗೆ ಇದು ಬೇಡವೇ ಬೇಡ. ಆ ಫೋನಿಗೆ ಇವತ್ತೇ ಬೇಡ ಎಂದುಬಿಡಿ.

ಫ್ರಿಜ್ ಯಾವುದೇ ಇರಲಿ, ಅಡುಗೆ ಒಲೆ ಅಂತೂ ಒಳಗೇ ಇದೆಯಲ್ಲ. ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ಮೇಲೆ ಇಎನ್ 50291-2 ಎಂದು ಬರೆದದ್ದು ನೋಡಿ ತಗೊಳ್ಳಿ. ಆ ಕೊನೆಯ 2 ಮುಖ್ಯ, ಅದು ಕ್ಯಾರವಾನು, ದೋಣಿಗಳಿಗೆಂದೇ ಇರುವ ಭಾಗ.

ಇನ್ನೊಂದು ಮಾತು. ಇಲ್ಲಿ ರಸ್ತೆಗೆ ಕಾಂಗರೂ ಹಾರುತ್ತವೆ, ಅಲ್ಲಿ ಎಮ್ಮೆ ಅಡ್ಡ ಬರುತ್ತದೆ. ಬ್ರೇಕ್ ಹಾಕಲೇಬೇಕು. ಪೆಟ್ಟಿಗೆ 14 ಕೆ.ಜಿ., ಒಳಗಿನ ಸಾಮಾನು 25 ಎಂದರೆ ಹತ್ತಿರ 40 ಕೆ.ಜಿ. ಗಾಡಿ ಗಂಟೆಗೆ 60 ಕಿ.ಮೀ.ನಲ್ಲಿ ಹೋಗಿ ಎಲ್ಲಾದರೂ ಗುದ್ದಿದರೆ, ಕಟ್ಟಿರದ ಫ್ರಿಜ್ ಮುಂದೆ ಬರುವ ರಭಸ 14 ಮೀಟರ್ ಎತ್ತರದಿಂದ ಬಿದ್ದಷ್ಟು. ನಾಲ್ಕು ಅಂತಸ್ತಿನ ಮನೆಯ ತಾರಸಿಯಿಂದ 40 ಕೆ.ಜಿ. ನಿಮ್ಮ ಬೆನ್ನಿನ ಮೇಲೆ. ಪ್ಲೈವುಡ್ಡಿಗೆ ಸ್ಕ್ರೂ ಹೊಡೆದರೆ ಕಿತ್ತು ಬರುತ್ತದೆ. ಕೊಕ್ಕೆಗಳನ್ನು ಪ್ಲೈವುಡ್ಡನ್ನೂ ದಾಟಿಸಿ ಗಾಡಿಯ ಉಕ್ಕಿನ ನೆಲಕ್ಕೆ ಬೋಲ್ಟ್ ಮಾಡಿಸಿ, ಅಡಿಯಲ್ಲಿ ಅಗಲವಾದ ಪಟ್ಟಿ ವಾಷರ್ ಕೊಡಿಸಿ. ಬೋಲ್ಟ್ ಇಳಿಯುವ ಜಾಗದಲ್ಲಿ ಡೀಸೆಲ್ ಪೈಪು, ಬ್ರೇಕ್ ಪೈಪು ಇಲ್ಲ ಎಂದು ಅಡಿಯಿಂದ ನೋಡಿಯೇ ತೂತು ಕೊರೆಯಬೇಕು. ಎರಡು ರ‍್ಯಾಚೆಟ್ ಪಟ್ಟಿ ಪೆಟ್ಟಿಗೆಯ ಮೈ ಸುತ್ತಿ ಬರಲಿ. ಹಿಡಿಗಳಿಗೆ ಮಾತ್ರ ಕಟ್ಟಬೇಡಿ. ಅವು ಎತ್ತಲು ಇರುವಂಥವು, ತಡೆಯಲು ಅಲ್ಲ.

ಬ್ಯಾಟರಿ ಬಗ್ಗೆಯೂ ಒಂದು ಮಾತು. ಇಲ್ಲಿ 2022ರ ಎಎಸ್/ಎನ್‌ಝಡ್‌ಎಸ್ 3001.2 ಬಂದ ಮೇಲೆ ಲಿಥಿಯಂ ಬ್ಯಾಟರಿಯನ್ನು ಮಲಗುವ ಜಾಗಕ್ಕೆ ತೆರೆದುಕೊಂಡ ಹಾಗೆ ಇಡುವಂತಿಲ್ಲ. ಒಳಗೇ ಇಡುವುದಾದರೆ ಒಳಗಡೆಗೆ ಪೂರ್ತಿ ಮುಚ್ಚಿದ, ಹೊರಗಡೆಗೆ ಗಾಳಿ ಬಿಡುವ ಪೆಟ್ಟಿಗೆ ಬೇಕು. ಆ ನಿಯಮ ನಿಮಗೆ ಅನ್ವಯ ಆಗುವುದಿಲ್ಲ. ಆದರೂ ಹಾಗೆ ಮಾಡಿಸುವುದು ಒಳ್ಳೆಯದು.

ಮಲ್ಪೆ ಮೆಕ್ಯಾನಿಕ್

ಪರ್ತ್‌ನವರು ಹೇಳಿದ್ದು ಸರಿ. ಅಮೋನಿಯಾ ಏನೆಂದು ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡಿದ ನಮಗೆ ಗೊತ್ತು. ಒಂದು ಉಸಿರು ಒಳಗೆ ಹೋದರೆ ಕಣ್ಣು, ಗಂಟಲು ಉರಿದುಹೋಗುತ್ತದೆ.

ಅಕ್ಕಾ, ನಿಮ್ಮ ಪ್ರಶ್ನೆಗೆ ಬರುತ್ತೇನೆ. 2.5 ವಯರು ಸುಡುವುದಿಲ್ಲ, ಎಲೆಕ್ಟ್ರಿಷಿಯನ್ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಮನೆಯ 230 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ. 12ರಲ್ಲಿ ತಿಳಿಯುತ್ತದೆ. ಹೋಗಿ ಬರುವ ದಾರಿ ಸೇರಿ 10 ಮೀಟರ್. 2.5ರಲ್ಲಿ 5 ಆಂಪಿಯರ್ ಹರಿದರೆ ಸುಮಾರು 0.37 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 6ರಲ್ಲಿ 0.15 ಮಾತ್ರ. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಇನ್ನೂ ಜಾಸ್ತಿ. ಆಗ ಬ್ಯಾಟರಿಯಲ್ಲಿ ಜೀವ ಇದ್ದರೂ ಪೆಟ್ಟಿಗೆ ಬ್ಯಾಟರಿ ಇಳಿದಿದೆ ಎಂದು ತಿಳಿದು ತಾನೇ ಆಫ್ ಆಗುತ್ತದೆ. ನಡುರಾತ್ರಿ ಹಾಗಾದರೆ ಬೆಳಿಗ್ಗೆವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಇನ್ಸುಲಿನ್ ಕೆಡುವುದು ಹೀಗೆ.

ಎಷ್ಟು ವೋಲ್ಟಿಗೆ ಇಳಿದಾಗ ಹಾಗೆ ಆಫ್ ಆಗಬೇಕು ಎನ್ನುವ ಮಟ್ಟ ಹೆಚ್ಚಿನ ಪೆಟ್ಟಿಗೆಗಳಲ್ಲಿ ಮೂರು ಇರುತ್ತದೆ. ಗಾಡಿಯ ಸ್ಟಾರ್ಟಿಂಗ್ ಬ್ಯಾಟರಿಗೆ ಜೋಡಿಸಿದವರು ಎಲ್ಲಕ್ಕಿಂತ ಮೇಲಿನ ಮಟ್ಟ ಇಡಬೇಕು, ಇಲ್ಲದಿದ್ದರೆ ಬೆಳಿಗ್ಗೆ ಗಾಡಿ ಎಳೆಯುವುದಿಲ್ಲ. ನೀವು ಬೇರೆ ಬ್ಯಾಟರಿ ಇಡುತ್ತೀರಿ, ಒಳ್ಳೆಯದು. ಟ್ಯೂಬುಲರ್ ಮಾತ್ರ ಹಾಸಿಗೆ ಕೆಳಗೆ ಖಂಡಿತ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಘಾಟಿಯ ತಿರುವಿನಲ್ಲಿ ಆಸಿಡ್ ತುಳುಕುತ್ತದೆ. ಲಿಥಿಯಂನಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಎಂದು ಬರೆದದ್ದು, ಒಳಗೆ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಇರುವುದು ತಗೊಳ್ಳಿ. ಗಾಡಿ ಬಿಎಸ್6 ಆಗಿದ್ದರೆ ಆಲ್ಟರ್ನೇಟರ್‌ನಿಂದ ನೇರ ಚಾರ್ಜ್ ಕೊಡದೆ ನಡುವೆ ಡಿಸಿ-ಡಿಸಿ ಚಾರ್ಜರ್ (ಬ್ಯಾಟರಿಗೆ ಬೇಕಾದ ವೋಲ್ಟಿಗೆ ಹೊಂದಿಸಿ ಕೊಡುವುದು) ಹಾಕಿಸಿ. ಹಳೇ ಗಾಡಿಗೂ ಲಿಥಿಯಂ ಆದರೆ ಅದೇ ಸರಿ.

ನಿಮ್ಮ ಲೆಕ್ಕ ಶಿವಮೊಗ್ಗದ ಜನವರಿಗೆ ಸರಿ ಇದೆ. ಮೇ ತಿಂಗಳಲ್ಲಿ ಕುಮಟಾ ಕಡೆ ಗಾಡಿ ಬಿಸಿಲಿಗೆ ನಿಲ್ಲಿಸಿದರೆ ಅರ್ಧ ಹೊತ್ತಲ್ಲ, ಮುಕ್ಕಾಲು ಹೊತ್ತು ಓಡುತ್ತದೆ. ಆಗ ಒಂದೂವರೆ ದಿನ ಎಂದೇ ಇಟ್ಟುಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲೇ ಪೆಟ್ಟಿಗೆ ತಂಪು ಮಾಡಿ, ಆಗಲೇ ತಣ್ಣಗಿರುವ ಸಾಮಾನನ್ನೇ ತುಂಬಿ. ಬಿಸಿ ನೀರಿನ ಬಾಟಲಿ ಇಟ್ಟು ತಂಪು ಮಾಡಲು ಹೋದರೆ ಬ್ಯಾಟರಿಗೆ ಅದೇ ದೊಡ್ಡ ಹೊರೆ. ಮುಚ್ಚಳ ಮೇಲೆ ತೆರೆಯುವ ಪೆಟ್ಟಿಗೆಯೇ ಒಳ್ಳೆಯದು. ತಂಪು ಗಾಳಿ ಭಾರ, ಬಾವಿಯಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. ಮುಂದೆ ಬಾಗಿಲು ಇರುವುದರಲ್ಲಿ ತೆರೆದ ಕೂಡಲೇ ಕಾಲ ಮೇಲೆ ಸುರಿದುಹೋಗುತ್ತದೆ.

ಇನ್ನು ಇನ್ಸುಲಿನ್. ಇದನ್ನು ದಯವಿಟ್ಟು ಎರಡು ಸಲ ಓದಿ. ಈ ಪೆಟ್ಟಿಗೆಗಳ ಒಳಗೋಡೆಯಲ್ಲೇ ತಂಪಿನ ಕೊಳವೆ ಸುತ್ತಿರುತ್ತದೆ. ಡಿಸ್‌ಪ್ಲೇ 4 ತೋರಿಸುತ್ತಿದ್ದರೂ ಗೋಡೆಗೆ ತಾಗಿದ ಜಾಗ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಇನ್ಸುಲಿನ್‌ಗೆ ಬಿಸಿಯಷ್ಟೇ ಹೆಪ್ಪುಗಟ್ಟುವುದೂ ಕೆಟ್ಟದ್ದು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡಲು ಸರಿಯಾಗೇ ಕಾಣಬಹುದು, ಆದರೆ ಬಳಸುವ ಹಾಗಿಲ್ಲ. ನನ್ನ ಅತ್ತೆಯ ಮೂರು ಕಾರ್ಟ್ರಿಜ್ ಹೀಗೆ ಎಸೆದಿದ್ದೇವೆ. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬದಲ್ಲಿ ಬಟ್ಟೆ ಸುತ್ತಿ, ಬುಟ್ಟಿಯ ನಡುವೆ ಮೇಲ್ಭಾಗದಲ್ಲಿ ಇಡಿ. ಗೋಡೆಗೂ ತಳಕ್ಕೂ ತಾಗಬಾರದು. ಹೆಚ್ಚು-ಕಡಿಮೆ ಎರಡನ್ನೂ ನೆನಪಿಡುವ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ, ಅದರ ತಂತಿಯನ್ನು ಆ ಡಬ್ಬದೊಳಗೇ ಇಳಿಬಿಡಿ. ಔಷಧಿ ಇಡುವ ಮೊದಲು ನೀರು ತುಂಬಿದ ಸಣ್ಣ ಬಾಟಲಿ ಇಟ್ಟು ಮೂರು ದಿನ ಪರೀಕ್ಷೆ ಮಾಡಿ.

ಬಳಸುತ್ತಿರುವ ಪೆನ್ನನ್ನು ಹೊರಗೆ ಎಷ್ಟು ದಿನ, ಎಷ್ಟು ಬಿಸಿಯವರೆಗೆ ಇಡಬಹುದು ಎನ್ನುವುದು ಒಂದೊಂದು ಇನ್ಸುಲಿನ್‌ಗೆ ಒಂದೊಂದು ಥರ. ಅದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಫ್ರಿಜ್ ಕೈಕೊಟ್ಟರೆ ಏನು ಎಂಬುದಕ್ಕೆ ಒಂದು ಮಣ್ಣಿನ ಮಡಕೆ ಜೊತೆಗಿರಲಿ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಸಣ್ಣ ಮಡಕೆ. 8 ಡಿಗ್ರಿಗೆ ಇಳಿಯುವುದಿಲ್ಲ, ಅದರಲ್ಲೂ ನಮ್ಮ ಕರಾವಳಿಯ ಸೆಕೆಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಬಾದಾಮಿ ಕಡೆಯ ಒಣ ಗಾಳಿಯಲ್ಲಿ ಚೆನ್ನಾಗಿ ತಂಪಾಗುತ್ತದೆ. ಹತ್ತಿರದ ಊರಿನ ಮೆಡಿಕಲ್ ಶಾಪ್ ಮುಟ್ಟುವವರೆಗೆ ಕಾಯುತ್ತದೆ.

ತುಂಗಾತೀರ, ಶಿವಮೊಗ್ಗ

ಮೂರು ವಾರ ಆಯಿತು, ಏನಾಯಿತೆಂದು ಹೇಳಬೇಕು ನಿಮಗೆಲ್ಲ. 35 ಲೀಟರಿನ ಕಂಪ್ರೆಸರ್ ಪೆಟ್ಟಿಗೆ ತಗೊಂಡೆವು. ಲೇಬಲ್‌ನಲ್ಲಿ ಆರ್134ಎ, 42 ಗ್ರಾಂ ಎಂದು ಸ್ಪಷ್ಟವಾಗಿ ಇದೆ. ಮೊದಲು ನೋಡಿದ ಎರಡು ಅಂಗಡಿಯಲ್ಲಿ ಲೇಬಲ್ ತೋರಿಸಿ ಎಂದರೆ ಡಬ್ಬ ಬಿಚ್ಚುವುದಿಲ್ಲ ಎಂದರು, ನಾವು ಎದ್ದು ಬಂದೆವು. 6 ಚದರದ ವಯರು, ಆಂಡರ್ಸನ್ ಪ್ಲಗ್ ಬೆಂಗಳೂರಿನ ಎಸ್.ಪಿ. ರೋಡಿನಿಂದ ಮಗ ತಂದುಕೊಟ್ಟ. ಬ್ಯಾಟರಿ ಹಾಸಿಗೆ ಕೆಳಗಿಲ್ಲ, ಹಿಂಬಾಗಿಲ ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಗಾಳಿ ಕೊಳವೆ ನೆಲದಿಂದ ಹೊರಗೆ ಹೋಗುತ್ತದೆ. ಬೋಲ್ಟ್ ಹಾಕುವಾಗ ನಾನೇ ಗಾಡಿ ಅಡಿಗೆ ಮಲಗಿ ಟಾರ್ಚ್ ಹಿಡಿದೆ. ಒಂದು ತೂತಿನ ಗುರುತು ಬ್ರೇಕ್ ಪೈಪಿಗೆ ಎರಡು ಬೆರಳು ದೂರದಲ್ಲಿತ್ತು. ಅದನ್ನು ಬದಲಿಸಿದೆವು.

ಪರೀಕ್ಷೆಯನ್ನೂ ಮಾಡಿದೆ. 5 ಡಿಗ್ರಿಗೆ ಇಟ್ಟು ಆರು ಸಣ್ಣ ಬಾಟಲಿಯಲ್ಲಿ ನೀರು ತುಂಬಿ ಒಂದೊಂದು ಕಡೆ ಇಟ್ಟೆ. ಬೆಳಿಗ್ಗೆ ನೋಡಿದರೆ ಎಡಗೋಡೆಗೆ ತಾಗಿದ ಬಾಟಲಿಯಲ್ಲಿ ಸೂಜಿ ಸೂಜಿಯಾಗಿ ಮಂಜುಗಡ್ಡೆ ಕಟ್ಟಿತ್ತು. ಅಣ್ಣ, ನೀವು ಹೇಳದೆ ಇದ್ದಿದ್ದರೆ ನಾನು ಇನ್ಸುಲಿನ್ ಡಬ್ಬವನ್ನು ಅಲ್ಲೇ ಇಡುತ್ತಿದ್ದೆ, ಬಾಗಿಲಿಗೆ ಹತ್ತಿರ, ಕೈಗೆ ಸುಲಭ ಎಂದು. ಬುಟ್ಟಿಯ ನಡುವೆ ಬಟ್ಟೆ ಸುತ್ತಿದ ಡಬ್ಬದಲ್ಲಿ ಮೂರು ದಿನದ ಅತಿ ಕಡಿಮೆ 3.8, ಅತಿ ಹೆಚ್ಚು 6.4.

ಬುಧವಾರ ಹೊರಡುತ್ತೇವೆ. ಆಗುಂಬೆಯ ಹದಿನಾಲ್ಕು ತಿರುವು ಇಳಿದ ಮೇಲೆ ಇನ್ನೇನಾದರೂ ನೋಡಿಕೊಳ್ಳಬೇಕೇ?

ಮಲ್ಪೆ ಮೆಕ್ಯಾನಿಕ್

ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ ಎರಡು ಪಟ್ಟಿಯನ್ನೂ ಕೈಯಲ್ಲಿ ಎಳೆದು ನೋಡಿ, ಮೊದಲ ಘಾಟಿಯಲ್ಲಿ ಸಡಿಲಾಗಿಯೇ ಆಗುತ್ತವೆ. ಪೆಟ್ಟಿಗೆ ಓಡುತ್ತಿರುವಾಗಲೇ ಪ್ಲಗ್, ಫ್ಯೂಸ್ ಡಬ್ಬ, ಬ್ಯಾಟರಿ ಲಗ್ ಮೂರನ್ನೂ ಅಂಗೈಯಿಂದ ಮುಟ್ಟಿ. ಉಗುರುಬೆಚ್ಚಗಿದ್ದರೂ ಆ ಕೀಲನ್ನು ಬಿಗಿ ಮಾಡದೆ ಮುಂದೆ ಹೋಗಬೇಡಿ. 15ರ ಫ್ಯೂಸ್ ಎರಡು ಜಾಸ್ತಿ ಇಟ್ಟುಕೊಳ್ಳಿ. ಎಲ್ಲೂ ಸಿಗಲಿಲ್ಲ ಎಂದು 30ರದ್ದು ಹಾಕಬೇಡಿ.

ಎಡಗೋಡೆಯ ಪಕ್ಕದ ಆ ಜಾಗ ಖಾಲಿ ಬಿಡಬೇಡಿ. ನಾದಿನಿ ಮನೆಯಿಂದ ಬಂಗುಡೆ ಕೊಟ್ಟರೆ ಅಲ್ಲಿಡಿ, ಎರಡು ದಿನ ಏನೂ ಆಗುವುದಿಲ್ಲ. ಮೀನಿನ ಡಬ್ಬ ಮಾತ್ರ ಬಿಗಿಯಾಗಿ ಮುಚ್ಚಿ.

ಮಲ್ಪೆ ದಾಟುವಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಓಡುವಾಗ ಎಷ್ಟು ಆಂಪಿಯರ್ ಎಳೆಯುತ್ತಿದೆ, ಪೆಟ್ಟಿಗೆಯ ತುದಿಯಲ್ಲಿ ಎಷ್ಟು ವೋಲ್ಟ್ ಬರುತ್ತಿದೆ, ಎರಡನ್ನೂ ಮೀಟರಿನಲ್ಲಿ ಅಳೆದು ಮುಚ್ಚಳದ ಒಳಗೆ ಬರೆದುಕೊಡುತ್ತೇನೆ. ಮುಂದೆ ಯಾವಾಗ ಅನುಮಾನ ಬಂದರೂ ಆ ಅಂಕಿಯ ಜೊತೆ ಹೋಲಿಸಿ ನೋಡಬಹುದು.